ಒನಕೆಗೆ ಬಿಟ್ಟ ಸಂದು

ಒಂದಾನೊಂದು ಊರು. ಆ ಊರಿಗೆ ರಾಜನಿರಲಿಲ್ಲ, ರಾಣಿಯಿರಲಿಲ್ಲ, ಏಳು ಸಮುದ್ರದಾಚೆಯ ಗಿಣಿಯೂ ಇರಲಿಲ್ಲ. ಒಂದು ಗೋಡೆಯಿತ್ತು, ಒಂದು ಪೆಟ್ಟಿಗೆಯಿತ್ತು. ಇಷ್ಟು ಹೇಳಿ ನಮ್ಮಜ್ಜಿ ಸುಮ್ಮನಾಗಿಬಿಡುತ್ತಿದ್ದಳು. ನಾನು ಹೂಂ ಎನ್ನಬೇಕು. ಹೂಂ ಎನ್ನದಿದ್ದರೆ ಅವಳ ಕಥೆ ಕಟ್ಟಿಹಾಕಿದ ಎಮ್ಮೆಯಂತೆ ನಿಂತಲ್ಲೇ ನಿಲ್ಲುತ್ತಿತ್ತು. ನಾನು ಹೂಂ ಎನ್ನುತ್ತಿದ್ದೆ, ಕಥೆ ಮುಂದಕ್ಕೆ ಹೆಜ್ಜೆ ಹಾಕುತ್ತಿತ್ತು. ಅದು ಕಥೆಯಲ್ಲ, ನಮ್ಮೂರೇ ಎಂದು ನನಗೆ ಹೊಳೆದದ್ದು ಏಳನೆಯ ವರ್ಷದಲ್ಲಿ. ಆವತ್ತು ಹೊಟ್ಟೆಯಲ್ಲಿ ಹತ್ತಿದ ಉರಿ ಮೊನ್ನೆ ಮೊನ್ನೆಯವರೆಗೂ ಆರಿರಲಿಲ್ಲ. ಕನಸುಗಣ್ಣಿ, ಹಾಲು ಉಕ್ಕಿದರೂ ಗೊತ್ತಾಗದವಳು ಎಂದು ನನ್ನನ್ನು ಆಡಿಕೊಳ್ಳುವವರಿಗೆ ಹೇಳುತ್ತೇನೆ: ಕನಸು ಕಾಣುವವರಿಗೂ ಸಿಟ್ಟು ಬರುತ್ತದೆ. ಬಂದರೆ ಬೇಗ ಹೋಗುವುದಿಲ್ಲ.

ನಮ್ಮೂರ ಸುತ್ತ ಇರುವ ಗೋಡೆ ದಿನಾ ಬೆಳಗ್ಗೆ ಕೋಳಿ ಕೂಗುವ ಮೊದಲು ಒಂದು ಸಾಲು ಇಟ್ಟಿಗೆಯಷ್ಟು ಬೆಳೆಯುತ್ತದೆ. ಗಾರೆಯವರಿಲ್ಲ, ಕರಣೆಯಿಲ್ಲ. ಉಗುರು ಯಾಕೆ ಬೆಳೆಯುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ? ಹಾಗೆಯೇ ಇದನ್ನೂ ಯಾರೂ ಕೇಳುವುದಿಲ್ಲ. ಚಾವಡಿಯಲ್ಲಿರುವುದು ಪೆಟ್ಟಿಗೆ. ಆಳೆತ್ತರದ್ದು, ಮುಂದೆ ಗಾಜು, ಕೆಳಗೆ ಒಂದು ಹಿಡಿ, ಹಿಡಿಯ ಪಕ್ಕ ಸವೆದು ಬೆಳ್ಳಗಾದ ಒಂದು ಗುಂಡಿ. ಕರೆಂಟು ಕೊಟ್ಟರೆ ಗಾಜಿನೊಳಗೆ ಮೇಲಿನಿಂದ ನಾಲ್ಕು ನಾಲ್ಕು ಚೌಕದ ಆಕಾರಗಳು ಒಂದೊಂದಾಗಿ ಇಳಿಯುತ್ತವೆ. ಹಿಡಿಯನ್ನು ಆಚೆ ಈಚೆ ಎಳೆದರೆ ಅವೂ ಆಚೆ ಈಚೆ ಸರಿಯುತ್ತವೆ, ಗುಂಡಿ ಒತ್ತಿದರೆ ಮಗ್ಗುಲಾಗುತ್ತವೆ. ಈ ತುದಿಯಿಂದ ಆ ತುದಿಯವರೆಗೆ ಹತ್ತು ಚೌಕ ಒಂದೂ ಬಿಡದೆ ತುಂಬಿದರೆ ಆ ಸಾಲು ಮಿಣಕ್ಕೆಂದು ಮಾಯವಾಗುತ್ತದೆ. ಅದೇ ಗಳಿಗೆಯಲ್ಲಿ ಊರ ಗೋಡೆಯ ಒಂದು ಸಾಲೂ ಮಾಯ. ತುಂಬಲಾಗದೆ ರಾಶಿ ನೆತ್ತಿ ಮುಟ್ಟಿದರೆ ಆಟ ಮುಗಿಯಿತು, ಆವತ್ತಿಗೆ ಗೋಡೆ ಹಾಗೆಯೇ.

ಇಷ್ಟರಲ್ಲಿ ಅನ್ಯಾಯವೇನೂ ಇಲ್ಲ. ಗೋಡೆ ಗೋಡೆಯ ಕೆಲಸ ಮಾಡುತ್ತದೆ, ಪೆಟ್ಟಿಗೆ ಪೆಟ್ಟಿಗೆಯ ಕೆಲಸ. ಅನ್ಯಾಯ ಮಾಡಿದವರು ಮನುಷ್ಯರು. ಮೇಲಿನ ಬೀದಿಯವರು.

ಮೇಲಿನ ಬೀದಿ ದಿಣ್ಣೆಯ ಮೇಲಿದೆ. ನಮ್ಮ ಕೆಳಗಿನ ಕೇರಿ ಗೋಡೆಯ ಬುಡದಲ್ಲಿದೆ, ಸಾಲದ್ದಕ್ಕೆ ಗೋಡೆ ನಮ್ಮ ಕಡೆಗೇ ವಾಲಿಕೊಂಡಿದೆ. ದಿನಕ್ಕೊಂದು ಸಾಲು ತೆಗೆದರೆ ಮೇಲಿನ ಬೀದಿಯ ಜಗಲಿಗಳಿಗೆ ಬಿಸಿಲು ಬರುತ್ತದೆ. ನಮ್ಮ ಕೇರಿಗೆ ಬರಬೇಕಾದರೆ ಇನ್ನೂ ಮೂರು ಸಾಲು ಹೋಗಬೇಕು. ಆ ಮೂರು ಸಾಲು ನನ್ನಜ್ಜಿಯ ಮದುವೆಯಾದಾಗಿನಿಂದ ಹೋಗಿಲ್ಲ. ಯಾಕೆಂದರೆ ಚಾವಡಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದ ನಾಲ್ಕು ನಿಯಮಗಳಿವೆ. ಒಂದು ಬಾಗಿಲಿಗೆ ಒಂದು ದಿನದ ಸರದಿ. ಸರದಿ ಮುಗಿಯುವವರೆಗೆ ಬೇರೆಯವರು ಹಿಡಿಯನ್ನಾಗಲಿ ಗುಂಡಿಯನ್ನಾಗಲಿ ಮುಟ್ಟಕೂಡದು. ರಾಶಿ ನೆತ್ತಿ ಮುಟ್ಟಿದಾಗ, ಇಲ್ಲವೇ ಅಧ್ಯಕ್ಷರ ಮನೆಯ ಮೂರನೆಯ ಮೆಟ್ಟಿಲಿಗೆ ಬಿಸಿಲು ಬಿದ್ದು ಗಂಟೆಯಾದಾಗ ಸರದಿ ಮುಗಿಯಿತು. ಚಪ್ಪಲಿ ಹೊರಗೆ ಬಿಡತಕ್ಕದ್ದು.

ಮೂರನೆಯ ನಿಯಮವನ್ನು ಇನ್ನೊಂದು ಸಲ ಓದಿ. ಅವರ ಮೆಟ್ಟಿಲಿಗೆ ಬಿಸಿಲು ಬಿತ್ತೋ, ಗಂಟೆ ಹೊಡೆಯಿತು, ಕರೆಂಟು ತೆಗೆದರು, ಎಲ್ಲರೂ ಮನೆಗೆ ಹೋಗಿ. ಅವರಿಗೆ ಬೇಕಾದದ್ದು ಒಂದೇ ಸಾಲು. ತಪ್ಪಿ ಒಂದು ದಿನ ಎರಡು ಸಾಲು ಹೋದರೆ ಮರುದಿನ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ರಜೆ ಮಾಡುತ್ತಾರೆ, ಗೋಡೆ ಮತ್ತೆ ತಾನಿದ್ದ ಎತ್ತರಕ್ಕೆ ಬರಲಿ ಎಂದು.

ಮೊದಲನೆಯ ನಿಯಮ ಇನ್ನೂ ಚೆನ್ನ. ಬಾಗಿಲಿಗೊಂದು ಸರದಿ. ಅಧ್ಯಕ್ಷ ಕೋದಂಡಯ್ಯನವರ ಮನೆಗೆ ತೊಂಬತ್ತಾರು ಬಾಗಿಲು. ಉಪ್ಪಿನಕಾಯಿ ಗೂಡಿಗೆ ಒಂದು ಬಾಗಿಲು, ಆ ಗೂಡಿನೊಳಗಿನ ಗೂಡಿಗೆ ಇನ್ನೊಂದು, ನಾಯಿಮನೆಗೆ ಹಿಂದೊಂದು ಮುಂದೊಂದು. ನಮ್ಮ ಕೇರಿಯ ಮನೆಗಳಿಗೆ ಒಂದೊಂದೇ ಬಾಗಿಲು. ಹಾಗಾಗಿ ಅವರ ಮನೆಯವರು ಮೂರು ತಿಂಗಳು ಒಂದೇ ಸಮನೆ ಆಡುತ್ತಾರೆ. ನಮ್ಮ ಮನೆಗೆ ಹದಿಮೂರು ವರ್ಷಕ್ಕೊಂದು ದಿನ. ನಮ್ಮವರೂ ಒಮ್ಮೆ ಹಿತ್ತಿಲ ಕಡೆ ಇನ್ನೊಂದು ಬಾಗಿಲು ಇಡಿಸುತ್ತೇವೆಂದು ಅರ್ಜಿ ಕೊಟ್ಟಿದ್ದರು. "ಬೆಳಕೇ ಬರದ ಮನೆಗೆ ಎರಡನೇ ಬಾಗಿಲು ಯಾತಕ್ಕೆ?" ಎಂದು ಕೇಳಿ ಅರ್ಜಿ ವಾಪಸು ಕಳಿಸಿದರು. 

ಬಿಸಿಲಿಲ್ಲದ ಕೇರಿಯಲ್ಲಿ ಬಾಳು ನಡೆಯುವುದಿಲ್ಲವೇ? ನಡೆಯುತ್ತದೆ. ನಮ್ಮ ಹೆಂಗಸರು ಒದ್ದೆ ಬಟ್ಟೆ, ಹಸಿ ಮೆಣಸಿನಕಾಯಿ, ತೊಳೆದ ರಾಗಿ, ಮೊರದಲ್ಲಿ ಮಲಗಿಸಿದ ಎಳೆಗೂಸು ಎಲ್ಲವನ್ನೂ ಹೊತ್ತುಕೊಂಡು ದಿಣ್ಣೆ ಹತ್ತುತ್ತಾರೆ. "ಒಂದು ಮೊಳ ಬಿಸಿಲು ಕೊಡ್ರವ್ವಾ" ಎಂದು ಅಂಗಳದಾಚೆ ನಿಂತು ಕೂಗುತ್ತಾರೆ. ಕೋದಂಡಯ್ಯನವರ ಹೆಂಡತಿ ಹೊರಗೆ ಬಂದು, "ಆ ಮೂಲೇಲಿ ಹಾಕ್ಕೊಳ್ಳಿ. ನಿಮ್ಮ ನೆರಳು ನಮ್ಮ ಹಪ್ಪಳದ ಮೇಲೆ ಬೀಳ್ಬಾರ್ದು, ನೋಡ್ಕೊಳ್ಳಿ" ಎನ್ನುತ್ತಾರೆ. ಬದಲಿಗೆ ಅಂಗಳ ಗುಡಿಸಿಕೊಡಬೇಕು, ಹಂಡೆಗೆ ನೀರು ಹೊಯ್ದುಕೊಡಬೇಕು. ನಾನು ಕೂಸಾಗಿದ್ದಾಗ ನನ್ನನ್ನೂ ಅದೇ ಮೂಲೆಯಲ್ಲಿ ಬಿಸಿಲಿಗೆ ಮಲಗಿಸಿದ್ದರಂತೆ. ದಾರಿಯಲ್ಲಿ ಸಿಕ್ಕಾಗಲೆಲ್ಲ ಆಯಮ್ಮ, "ನಮ್ಮ ಮನೆ ಬಿಸಿಲಲ್ಲಿ ಬೆಳೆದ ಹುಡುಗಿ ನೀನು" ಎಂದು ನೆನಪಿಸುತ್ತಾರೆ. ನಮ್ಮ ಮನೆ ಬಿಸಿಲಂತೆ! ಸೂರ್ಯನನ್ನು ಇವರ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿ ಸಾಕಿದ್ದರೇ?

ನಮ್ಮಜ್ಜಿ ಮುದ್ದೀರಮ್ಮ ಮಾತ್ರ ದಿಣ್ಣೆ ಹತ್ತುತ್ತಿರಲಿಲ್ಲ. ಮೂವತ್ತೊಂಬತ್ತು ವರ್ಷದಿಂದ ಹತ್ತಿರಲಿಲ್ಲ. ಅವಳ ಪಾದಗಳ ಬಣ್ಣ ಕತ್ತಲಲ್ಲಿ ಮೊಳೆತ ಹೆಸರುಕಾಳಿನ ಬಣ್ಣ. ಅದರ ಹಿಂದೆಯೂ ಒಂದು ಕಥೆಯಿದೆ. ಆ ಕಥೆಯನ್ನು ಅವಳು ಒಂದೇ ಸಲ ಹೇಳಿದ್ದು, ನನ್ನಿಂದ ಹೂಂ ಕೇಳದೆ ಹೇಳಿದ್ದು.

ಆಗ ಅವಳಿಗೆ ಮೂವತ್ತೊಂದು. ಮನೆಯ ಸರದಿ ಬಂದ ದಿನ ಗಂಡಸರೆಲ್ಲ ಜ್ವರದಲ್ಲಿ ಮಲಗಿದ್ದರು, ಎದ್ದು ಓಡಾಡುವವರೆಂದರೆ ಅವಳೂ ಅವಳ ಮಾವನೂ. ಮಾವನಿಗೆ ಕಣ್ಣು ಮಂಜು. ಅವಳೇ ಹಿಡಿ ಹಿಡಿದಳು. ಹಿಡಿದವಳು ಎಲ್ಲರಂತೆ ಆಡಲಿಲ್ಲ. ನಮ್ಮೂರಲ್ಲಿ ಸಂದು ಬಿಡುವುದು ಅಪಶಕುನ. ಬಾಗಿಲ ಸಂದಿನಲ್ಲಿ, ಹಾಸುಗಲ್ಲಿನ ಸಂದಿನಲ್ಲಿ, ಹಲ್ಲಿನ ಸಂದಿನಲ್ಲಿ ಕೂಡ ಕೇಡು ನುಗ್ಗುತ್ತದೆಂದು ನಂಬಿದ ಊರು ಇದು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು ನಾಚಿಕೆಗಲ್ಲ, ಹಲ್ಲಿನ ಸಂದಿಗೆ. ಹಾಗಾಗಿ ಪೆಟ್ಟಿಗೆಯಲ್ಲೂ ಬಂದ ಆಕಾರವನ್ನು ಬಂದ ಹಾಗೆ ಸಂದಿಗೆ ತುರುಕಿ ಒಂದು ಸಾಲು ತೆಗೆದು ಕೈತೊಳೆದುಕೊಳ್ಳುತ್ತಿದ್ದರು. ಅಜ್ಜಿ ಬಲಗಡೆಯ ತುದಿಯ ಒಂದು ಚೌಕದಗಲವನ್ನು ಬಾವಿಯಂತೆ ಖಾಲಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಒಪ್ಪವಾಗಿ ತುಂಬುತ್ತ ಹೋದಳು. ನಾಲ್ಕು ಸಾಲು ಎದ್ದವು. ಇನ್ನು ಉದ್ದನೆಯದೊಂದು ಬಂದು ಆ ಬಾವಿಗೆ ಇಳಿದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ.

"ಒಂದು ಅವರಿಗೆ, ಮೂರು ನಮಗೆ," ಎಂದು ನನಗೆ ಬಿಡಿಸಿ ಹೇಳಿದಳು ಅಜ್ಜಿ. "ನಾಲ್ಕೂ ಒಂದೇ ಸಲ ಹೋದ್ರೆ ಗಂಟೆ ಹೊಡೆಯೋಕೆ ಮಧ್ಯ ಹೊತ್ತೆಲ್ಲಿರ್ತದೆ ಮಗಾ? ಅವರ ನಿಯಮ ಅವರ ಮೆಟ್ಟಲ ಮೇಲೇ ಕೂತಿರ್ತದೆ, ಬಿಸಿಲು ನಮ್ಮ ಜಗಲಿಗೆ ಬಂದಿರ್ತದೆ."

ಉದ್ದನೆಯದು ಬಂತು. ಅವಳು ಅದನ್ನು ಬಲಕ್ಕೆ ಸರಿಸುತ್ತಿದ್ದಾಗ ಚಾವಡಿಯಲ್ಲಿದ್ದವರು ಸಂದು, ಸಂದು ಎಂದು ಬೊಬ್ಬೆಯಿಟ್ಟರು. ಮಾವ ಮುಂದೆ ಬಂದು ಅವಳ ಕೈಯನ್ನು ಹಿಡಿಯಿಂದ ಕಿತ್ತ. ಆಕಾರ ಅಡ್ಡಡ್ಡಲಾಗಿ ಬಿದ್ದು ಬಾವಿಯ ಬಾಯಿ ಮುಚ್ಚಿತು. ಎರಡನೆಯ ನಿಯಮ ಆವತ್ತೂ ಗೋಡೆಯ ಮೇಲೆ ಇತ್ತು. ಯಾರೂ ಅದರ ಕಡೆ ನೋಡಲಿಲ್ಲ. ಆ ದಿನದಿಂದ ಅವಳ ಹೆಸರು 'ಸಂದುಬಿಟ್ಟವಳು' ಎಂದಾಯಿತು. ಊರಲ್ಲಿ ಯಾರ ಮನೆಯ ಕರು ಸತ್ತರೂ, ಯಾರ ಹಾಲು ಒಡೆದರೂ ಅವಳತ್ತ ನೋಡಿದರು. ಅವಳು ಇನ್ನು ಸಾಲದ ಬಿಸಿಲು ಕೇಳುವುದಿಲ್ಲ ಎಂದು ಶಪಥ ಮಾಡಿ ಜಗಲಿಯ ಮೇಲೆ ಕೂತುಬಿಟ್ಟಳು.

ಮುಂದಿನ ಸರದಿಯಲ್ಲಿ ತಾತ ಆಡಿದ, ಅದರ ಮುಂದಿನದರಲ್ಲಿ ಚಿಕ್ಕಪ್ಪ ಬೋರಲಿಂಗ. ಇಬ್ಬರೂ ಒಂದೊಂದು ಸಾಲು ತೆಗೆದು, ಮೇಲಿನ ಬೀದಿಯವರು ಕೊಟ್ಟ ಎರಡು ಬಾಳೆಹಣ್ಣು ತೆಗೆದುಕೊಂಡು ಹಲ್ಲು ಕಿಸಿಯುತ್ತ ಬಂದರು. ಚಿಕ್ಕಪ್ಪ ಬಂದ ದಿನ ನನಗೆ ಒಂಬತ್ತು ವರ್ಷ. ಅಜ್ಜಿ ಅವನು ಕೊಟ್ಟ ಬಾಳೆಹಣ್ಣನ್ನು ಮುಟ್ಟಲಿಲ್ಲ. "ನನಗಿನ್ನೇನೂ ಬೇಡ," ಎಂದಳು, ಯಾರಿಗೆ ಎಂದಿಲ್ಲದೆ. "ನನ್ನ ಜಗಲೀಲಿ, ನನ್ನ ಬಿಸಿಲಲ್ಲಿ, ನನ್ನ ಕೈಯಾರೆ ಒಂದು ಸಂಡಿಗೆ ಇಡಬೇಕು. ಅಷ್ಟೇ."

"ಮುಂದಿನ ಸಲ ನಾನಾಡ್ತೀನಜ್ಜಿ," ಎಂದೆ. "ನೀನು ಸಂಡಿಗೆ ಇಡ್ತೀಯ. ಮಾತು."

"ಹೂಂ," ಎಂದಳು. ಅದುವರೆಗೆ ಹೂಂ ಎನ್ನುವುದು ನನ್ನ ಕೆಲಸವಾಗಿತ್ತು.

ಪೆಟ್ಟಿಗೆ ಮುಟ್ಟಲು ಸಿಗುವುದು ಹದಿಮೂರು ವರ್ಷಕ್ಕೊಮ್ಮೆ. ಕಲಿಯುವುದು ಹೇಗೆ? ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಚೌಕದಗಲದ ಮನೆ ಬರೆದಳು. ಹುಣಸೆಬೀಜ ನಾಲ್ಕು ನಾಲ್ಕಾಗಿ ಎಣಿಸಿಟ್ಟಳು. ಪ್ರತಿ ಆಕಾರಕ್ಕೂ ಅವಳದೇ ಹೆಸರು. ಉದ್ದನೆಯದು ಒನಕೆ. ಚೌಕದ್ದು ಮಣೆ. ಮೂಲೆ ಬಾಗಿದವು ಎಡಗುಡುಗೋಲು, ಬಲಗುಡುಗೋಲು. ಸೊಟ್ಟಗಿರುವವು ಏರುಹಾವು, ಇಳಿಹಾವು. ನಡುವೆ ಮೊಳಕೆಯಿರುವುದು ಗಿಳಿಗೂಟ. ಆಮೇಲೆ ಕಥೆ ಶುರು ಮಾಡುತ್ತಿದ್ದಳು. "ಒಬ್ಬ ರಾಜಕುಮಾರಿ ಮಣೆ ಮೇಲೆ ಕೂತಿದ್ಲಂತೆ." ನಾನು ನಾಲ್ಕು ಬೀಜ ಮಣೆಯಂತೆ ಜೋಡಿಸಿ ಹೂಂ ಎನ್ನಬೇಕು. "ಮಣೆ ಕೆಳಗಿಂದ ಒಂದು ಇಳಿಹಾವು ಬಂತಂತೆ." ಹೂಂ. "ಅವಳು ಕುಡುಗೋಲು ತಗೊಂಡ್ಳಂತೆ, ಎಡಗೈಯಲ್ಲಿ." ಹೂಂ. ಕಥೆ ಬೆಳೆದಂತೆ ಅವಳ ಮಾತಿಗೆ ಓಟ ಬರುತ್ತಿತ್ತು. ಕಾಡು, ಕಳ್ಳರು, ಬೆನ್ನಟ್ಟುವ ರಾಕ್ಷಸ, ಗಿಳಿ ಹಾರಿ ಗೂಟ ಮುರಿದು ಹಾವು ಹರಿದು ಮಣೆ ಉರುಳಿ ಎಂದು ಅವಳು ಉಸಿರು ಬಿಡದೆ ಹೇಳುವಾಗ ನನ್ನ ಬೆರಳುಗಳು ತಾವಾಗಿ ಓಡುತ್ತಿದ್ದವು, ಕಣ್ಣು ಮಾತ್ರ ಆ ಕಾಡಿನಲ್ಲಿ ಇರುತ್ತಿತ್ತು. ನನ್ನನ್ನು ಕನಸುಗಣ್ಣಿ ಎನ್ನುವವರಿಗೆ ಇದು ಗೊತ್ತಿಲ್ಲ. ಯೋಚಿಸಿ ಇಟ್ಟರೆ ತಡವಾಗುತ್ತದೆ. ಕಥೆಯೊಳಗೆ ಇದ್ದುಕೊಂಡು ಇಟ್ಟರೆ ಸರಿಯಾದ ಕಡೆ ಬೀಳುತ್ತದೆ. ಹದಿಮೂರು ವರ್ಷ ಹೀಗೆ ಹುಣಸೆಬೀಜ ಸವೆಸಿದೆವು.

ಕಳೆದ ತಿಂಗಳು ನಮ್ಮ ಬಾಗಿಲಿನ ಸರದಿ ಬಂತು. ಅಜ್ಜಿಗೆ ಈಗ ಎಪ್ಪತ್ತು. ಎದೆಯಲ್ಲಿ ಸದಾ ಗೊರಗೊರ. ಇನ್ನೊಂದು ಸರದಿಗೆ ಅವಳಿಗೆ ಎಂಬತ್ತಮೂರಾಗುತ್ತದೆಂದು ಲೆಕ್ಕ ಹಾಕುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳು ಬೆಳಗಿನ ಜಾವ ಎದ್ದು ಅಕ್ಕಿಹಿಟ್ಟು ಕಾಯಿಸಿ, ಜೀರಿಗೆ ಇಂಗು ಹಾಕಿ ತೊಳಸಿ, ಸಂಡಿಗೆ ಹಿಟ್ಟು ಮಾಡಿಟ್ಟಳು. ಸಂಡಿಗೆ ಹಿಟ್ಟು ಆವತ್ತಿನದು ಆವತ್ತಿಗೇ ಆಗಬೇಕು, ಮರುದಿನಕ್ಕೆ ಹುಳಿ ಬರುತ್ತದೆ. ಹಳೆಯ ಪಂಚೆಯೊಂದನ್ನು ಜಗಲಿಯ ಮೇಲೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಅಕ್ಕಪಕ್ಕದವರು ಬಂದು ನೋಡಿ ಬಾಯಿಗೆ ಸೆರಗು ಹಿಡಿದರು.

"ಏನಜ್ಜಿ, ನೆರಳಲ್ಲಿ ಒಣಗ್ತದಾ ಸಂಡಿಗೆ?"

"ನೀವು ನಗೋದು ನಿಲ್ಸಿ ಆ ಕಡೆ ಸರ್ಕೊಳ್ರೇ. ಬರೋ ಬಿಸಿಲಿಗೆ ಅಡ್ಡ ನಿಂತಿದ್ದೀರಿ," ಎಂದಳು ಅಜ್ಜಿ.

ಚಾವಡಿಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಕೋದಂಡಯ್ಯನವರು ಒರಗುಕುರ್ಚಿಯಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ಮೇಲಿನ ಬೀದಿಯ ಹತ್ತಿಪ್ಪತ್ತು ಜನ, ನಮ್ಮ ಕೇರಿಯ ಅಷ್ಟೇ ಜನ ಸೇರಿದ್ದರು. ಬೀದಿಯಾಚೆ, ಚಾವಡಿಗೆ ಎದುರಾಗಿರುವ ಕೋದಂಡಯ್ಯನವರ ಮನೆಯ ಮೆಟ್ಟಿಲ ಬಳಿ ಗಂಟೆಯ ಮಾರಣ್ಣ ನಿಂತಿದ್ದ. ನಮ್ಮ ಕೇರಿಯವನೇ. ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಆ ಮೂರನೆಯ ಮೆಟ್ಟಿಲನ್ನು ನೋಡುವುದೇ ಅವನ ಕೆಲಸ, ಬಿಸಿಲು ಬಿದ್ದೊಡನೆ ಗಂಟೆ ಹೊಡೆದು ತನ್ನ ಕೇರಿಗೆ ಬಿಸಿಲು ಬಾರದಂತೆ ನೋಡಿಕೊಳ್ಳುವುದು.

"ಬಾಮ್ಮಾ, ಅಂಬಿ," ಎಂದರು ಕೋದಂಡಯ್ಯ. "ಬೇಗ ಒಂದು ಸಾಲು ತೆಗೆದು ಹೋಗು. ನಮ್ಮ ಮನೇಲಿ ಇವತ್ತು ಮೆಣಸಿನಪುಡಿಗೆ ಒಣಗಿಸ್ತಿದ್ದಾರೆ. ಬಾಳೆಹಣ್ಣು ಅಲ್ಲಿಟ್ಟಿದೆ."

ನಾನು ಬಾಳೆಹಣ್ಣಿನ ಕಡೆ ನೋಡಲಿಲ್ಲ. ಹಿಡಿ ತಣ್ಣಗಿತ್ತು. ಮೂವತ್ತೊಂಬತ್ತು ವರ್ಷದ ಹಿಂದೆ ಅಜ್ಜಿಯ ಕೈ ಇದ್ದ ಜಾಗದಲ್ಲಿ ನನ್ನ ಕೈ ಇಟ್ಟೆ. ಕರೆಂಟು ಕೊಟ್ಟರು.

ಮೊದಲು ಮಣೆ ಬಂತು. ಒಂದಾನೊಂದು ಊರಲ್ಲಿ ಒಬ್ಬ ರಾಜಕುಮಾರಿ ಮಣೆ ಮೇಲೆ ಕೂತಿದ್ದಳಂತೆ ಎಂದು ಅಜ್ಜಿಯ ದನಿ ಕಿವಿಯಲ್ಲಿ ಶುರುವಾಯಿತು. ಮಣೆಯನ್ನು ಎಡದ ಮೂಲೆಗೆ ಒತ್ತಿದೆ. ಬಲಗುಡುಗೋಲು, ಅದರ ಪಕ್ಕಕ್ಕೆ. ಗಿಳಿಗೂಟ, ಬುಡ ಮೇಲಾಗಿಸಿ. ಏರುಹಾವು. ಇನ್ನೊಂದೆರಡು ಆಕಾರ ಬೀಳುವಷ್ಟರಲ್ಲಿ ಎಡದಿಂದ ಒಂಬತ್ತು ಚೌಕ ಒಪ್ಪವಾಗಿ ಎರಡು ಸಾಲು ಎದ್ದವು. ಹತ್ತನೆಯದನ್ನು ಮುಟ್ಟಲಿಲ್ಲ.

ಹಿಂದೆ ಗುಸುಗುಸು. "ಬಲಗಡೆ ನೋಡೇ, ಬಲಗಡೆ," ಎಂದ ಯಾರೋ. "ಸಂದು ಬಿಟ್ಟಿದ್ದೀಯ."

ಆಗಲೇ ಒನಕೆ ಬಂತು. ಇಷ್ಟು ಬೇಗ! "ಹಾಕೇ, ಹಾಕೇ, ಅಲ್ಲಿಗೇ ಹಾಕೇ!" ಎಂದು ಚಿಕ್ಕಪ್ಪ ಕುಣಿದ. ಈಗ ಬಾವಿಗೆ ಇಳಿಸಿದರೆ ಹೋಗುವುದು ಎರಡೇ ಸಾಲು. ಒಂದು ಅವರಿಗೆ, ಒಂದು ಯಾರಿಗೂ ಇಲ್ಲ. ಗಂಟೆ ಹೊಡೆಯುತ್ತದೆ, ಅಜ್ಜಿಯ ಹಿಟ್ಟು ಹುಳಿಯಾಗುತ್ತದೆ. ನಾನು ಒನಕೆಯನ್ನು ಅಡ್ಡ ಮಲಗಿಸಿ ರಾಶಿಯ ಮೇಲೆ ಇಟ್ಟುಬಿಟ್ಟೆ.

ಚಾವಡಿಯೇ ಎದ್ದು ನಿಂತಿತು. "ಅಯ್ಯಯ್ಯೋ, ಬಂದ ಉದ್ದನೇದನ್ನಾ ಮಲಗಿಸಿಬಿಟ್ಲಲ್ಲಪ್ಪಾ!" "ಅಜ್ಜಿ ಗುಣವೇ ಮೊಮ್ಮಗಳಿಗೆ." "ಸಂದುಬಿಟ್ಟವಳ ವಂಶ." ಕೋದಂಡಯ್ಯನವರು ಎಲೆಯಡಿಕೆ ಉಗಿಯುವುದಕ್ಕೆ ಎದ್ದವರು ಉಗಿಯದೆ ನಿಂತರು.

ಸಾಲು ಅಳಿಸದೆ ಹೋದರೆ ಪೆಟ್ಟಿಗೆಗೆ ಸಿಟ್ಟು ಬರುತ್ತದೆ, ಆಕಾರಗಳ ಓಟ ಹೆಚ್ಚುತ್ತದೆ. ಹತ್ತಾಯಿತು, ಹದಿನೈದಾಯಿತು. ಹಾವು, ಹಾವು, ಗೂಟ, ಮಣೆ, ಹಾವು. ನಾಲ್ಕು ಸಾಲು ಎಂದೋ ತುಂಬಿ ಐದು, ಆರು, ಎಂಟು ಎದ್ದವು. ಎಲ್ಲದರಲ್ಲೂ ಬಲತುದಿ ಖಾಲಿ. ಒನಕೆ ಬರಲಿಲ್ಲ. ರಾಕ್ಷಸ ಬೆನ್ನಟ್ಟಿದ್ದಾನೆ, ರಾಜಕುಮಾರಿ ಮಣೆ ಎಸೆದು ಓಡುತ್ತಿದ್ದಾಳೆ, ಮಣೆ ಬೆಟ್ಟವಾಗಿ ಎದ್ದಿತು, ಕುಡುಗೋಲು ಎಸೆದಳು, ಕುಡುಗೋಲು ನದಿಯಾಯಿತು. ನಾನು ಹೂಂ, ಹೂಂ ಎನ್ನುತ್ತಿದ್ದೆ. ಬಾಯಿಬಿಟ್ಟೇ ಎನ್ನುತ್ತಿದ್ದೆನಂತೆ, ಆಮೇಲೆ ಹೇಳಿದರು. ಎಡಗಡೆ ಎತ್ತರಿಸಿ ಬಲಗಡೆ ತಗ್ಗಾಗಿ ಇಳಿಜಾರು ಮಾಡಿಕೊಂಡೆ, ಒನಕೆ ಬಂದಾಗ ಜಾರಿ ಹೋಗಲು ದಾರಿಯಿರಲಿ ಎಂದು.

"ಅಂಬೀ, ಮುಚ್ಚೇ ಅದನ್ನ," ಚಿಕ್ಕಪ್ಪನ ದನಿ ಅಳುವಂತಿತ್ತು. "ಕೈ ಮುಗೀತೀನಿ. ಇನ್ನೂ ಹದಿಮೂರು ವರ್ಷ ನಾವು ಈ ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು."

"ಈಗ ಎತ್ಕೊಂಡು ಓಡಾಡ್ತಿದ್ದೀವಾ ಚಿಕ್ಕಪ್ಪಾ?" ಎಂದೆ, ಗಾಜಿನಿಂದ ಕಣ್ಣು ತೆಗೆಯದೆ.

"ಸಾಕು ನಿಲ್ಸಿ ಇದನ್ನ," ಎಂದರು ಕೋದಂಡಯ್ಯ. "ಊರಿಗೇ ಕೇಡು. ಬೋರಲಿಂಗ, ನಿಮ್ಮ ಹುಡುಗಿ ಕೈ ತೆಗಿ. ನಿಮ್ಮ ಮನೇಲಿ ಇದು ಹೊಸದೇನಲ್ವಲ್ಲ."

ಚಿಕ್ಕಪ್ಪ ಒಂದು ಹೆಜ್ಜೆ ಮುಂದೆ ಬಂದ. ಅವನ ನೆರಳು ಗಾಜಿನ ಮೇಲೆ ಬಿತ್ತು. ಆ ನೆರಳಿನಡಿಯಲ್ಲಿ ಒಂದು ಇಳಿಹಾವು ಎಲ್ಲಿ ಇಳಿಯಿತೆಂದೇ ಕಾಣಲಿಲ್ಲ. ನನಗೆ ಬಂದ ಸಿಟ್ಟು ನನ್ನೊಬ್ಬಳದಾಗಿರಲಿಲ್ಲ. ಅದಕ್ಕೆ ಮೂವತ್ತೊಂಬತ್ತು ವರ್ಷ ವಯಸ್ಸಾಗಿತ್ತು.

"ಯಾವ ನಿಯಮ?" ಎಂದು ಕೂಗಿದೆ. "ಸಂದು ಬಿಡಬಾರದು ಅಂತ ಎಲ್ಲಿ ಬರೆದಿದೆ? ನೀಲಿ ಬಣ್ಣದಲ್ಲಿ ಬರೆದ್ರಲ್ಲ, ಓದಿ ಹೇಳ್ರಿ! ಚಪ್ಪಲಿ ಬಿಟ್ಟಿದ್ದೀನಿ. ಇದು ನಮ್ಮ ಬಾಗಿಲಿನ ದಿನ. ರಾಶಿ ನೆತ್ತಿ ಮುಟ್ಟಿಲ್ಲ. ನಿಮ್ಮ ಮೆಟ್ಟಲಿಗೆ ಬಿಸಿಲು ಬಿದ್ದಿಲ್ಲ. ಒಂದು ಸಾಲೂ ನಾನು ತೆಗೆದಿಲ್ಲ, ಬೀಳೋದಾದ್ರೂ ಹೇಗೆ? ಇನ್ನು ಕೈ ಹಾಕೋ ಮಾತು. ಎರಡನೇ ನಿಯಮ ನಮ್ಮಜ್ಜಿಗೆ ಇರಲಿಲ್ಲ. ನನಗೂ ಇಲ್ಲ ಅಂತ ಎಲ್ಲರ ಎದುರಿಗೆ ಹೇಳಿಬಿಡಿ, ಈಗಲೇ ಬಿಟ್ಟು ಹೋಗ್ತೀನಿ!"

ಕೋದಂಡಯ್ಯನವರ ಬಾಯಿಯ ತುಂಬ ಎಲೆಯಡಿಕೆ ಇತ್ತು. "ಮಾರಾ!" ಎಂದು ಅದರೊಳಗಿಂದಲೇ ಗದರಿದರು. "ಗಂಟೆ ಹೊಡಿ."

ಮೆಟ್ಟಿಲ ಬಳಿಯಿಂದ ಮಾರಣ್ಣನ ದನಿ ಬಂತು. ಇಪ್ಪತ್ತು ವರ್ಷದಲ್ಲಿ ಅವನು ಚಾವಡಿಯ ಕಡೆ ತಿರುಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಬಿಸಿಲು ಬಿದ್ದಿಲ್ಲ ಸ್ವಾಮಿ."

"ಹೊಡಿಯೋ ಅಂದ್ರೆ!"

"ಬಿಸಿಲು ನೋಡಿ ಹೊಡಿ ಅಂತ ನೀವೇ ನೇಮಿಸಿದ್ದೀರಿ. ಮೆಟ್ಟಲು ಒಣಗಿಲ್ಲ, ಇನ್ನೂ ಇಬ್ಬನಿ ಐತೆ. ಬೇಕಾದ್ರೆ ಬಂದು ಮುಟ್ಟಿ ನೋಡಿ." ಹಾಗೆಯೇ ಚಿಕ್ಕಪ್ಪನಿಗೆ, "ಬೋರಣ್ಣಾ, ನೀನೂ ಹಿಂದಕ್ಕೆ ಸರ್ಕೋ. ಹುಡುಗಿಗೆ ಬೆಳಕು ಬಿಡು," ಎಂದ.

ಚಿಕ್ಕಪ್ಪನ ನೆರಳು ಗಾಜಿನಿಂದ ಸರಿಯಿತು. ಅವನು ಕೂತುಕೊಂಡ ಸದ್ದು ಕೇಳಿಸಿತು. ಹೆದರಿ ಕೂತನೋ, ಮನಸ್ಸು ಬಂದು ಕೂತನೋ ನಾನು ಇಂದಿಗೂ ಕೇಳಿಲ್ಲ.

ಆಗ ಆಕಾರಗಳು ಆಲಿಕಲ್ಲಿನಂತೆ ಬೀಳುತ್ತಿದ್ದವು. ಕಾಣುವುದಕ್ಕೆ ಮೊದಲೇ ಕೈ ಓಡಬೇಕು. ಒಂದು ಏರುಹಾವು ತಪ್ಪಿ ಅದರಡಿಯಲ್ಲಿ ತೂತೊಂದು ಉಳಿಯಿತು. ಹಿಂದಿನವರು ಒಟ್ಟಿಗೆ ಉಸಿರೆಳೆದುಕೊಂಡರು. ತೂತು ಮೇಲಿನ ಸಾಲಿನಲ್ಲಿತ್ತು, ಬುಡದ ನಾಲ್ಕು ಸಾಲು ಗಟ್ಟಿಯಾಗಿದ್ದವು. ಎಡಗಡೆ ನೆತ್ತಿಗೆ ಮೂರೇ ಚೌಕ ಬಾಕಿ. ರಾಜಕುಮಾರಿಯ ಕೈಯಲ್ಲಿ ಎಸೆಯಲು ಇನ್ನೇನೂ ಉಳಿದಿರಲಿಲ್ಲ. ಮಣೆ. ನೆತ್ತಿಗೆ ಒಂದು ಚೌಕ. ಆಮೇಲೆ ಏನಾಯಿತಜ್ಜಿ ಎಂದೆ, ಮನಸ್ಸಿನಲ್ಲೋ ಬಾಯಲ್ಲೋ.

ಆಮೇಲೆ ಒನಕೆ ಬಂತಂತೆ.

ಅಡ್ಡ ಮಲಗಿಕೊಂಡೇ ಬಂತು. ಮಗ್ಗುಲಾಗಿಸಲು ನಡುವೆ ಜಾಗವಿಲ್ಲ. ಹಿಡಿಯನ್ನು ಬಲಕ್ಕೆ ಎಳೆದೆ. ಇಳಿಜಾರಿನ ಮೇಲೆ ಅದು ಜಾರುತ್ತ, ಇನ್ನೇನು ಕೂತುಬಿಡುತ್ತದೆ ಎನ್ನುವಾಗ ತಗ್ಗಿನ ಮೇಲೆ ಬಂತು. ಗುಂಡಿ ಒತ್ತಿದೆ, ನೆಟ್ಟಗೆ ನಿಂತಿತು. ಇನ್ನೊಂದು ಸಲ ಬಲಕ್ಕೆ. ಬಾವಿಯ ಬಾಯಿ. ಹಿಡಿಯನ್ನು ನನ್ನ ಮೈಭಾರವನ್ನೆಲ್ಲ ಹಾಕಿ ಕೆಳಕ್ಕೆ ಒತ್ತಿದೆ.

ಒನಕೆ ಇಳಿಯಿತು. ಒರಳಿನ ತಳಕ್ಕೆ ಇಳಿದಂತೆ ಬುಡದವರೆಗೂ ಇಳಿಯಿತು. ನಾಲ್ಕು ಸಾಲೂ ಒಟ್ಟಿಗೆ ಒಂದು ಸಲ ಬೆಳ್ಳಗೆ ಮಿನುಗಿ ಹೋದವು.

ಹೊರಗೆ ಸದ್ದೇನೂ ಆಗಲಿಲ್ಲ. ಮಲಗಿದ್ದ ಎತ್ತೊಂದು ನಿಟ್ಟುಸಿರು ಬಿಟ್ಟಂತಾಯಿತು, ಅಷ್ಟೇ. ಕೋದಂಡಯ್ಯನವರ ಮನೆಯ ಮೂರನೆಯ ಮೆಟ್ಟಿಲಿಗೆ ಬಿಸಿಲು ಬಿತ್ತು. ಬಿದ್ದದ್ದು ಅಲ್ಲಿ ನಿಲ್ಲಲಿಲ್ಲ, ಎರಡನೆಯದು, ಮೊದಲನೆಯದು, ಅಂಗಳ, ಅಂಗಳದ ಮೂಲೆಯಲ್ಲಿ ಸಾಲದ ಬಿಸಿಲಿಗೆ ಕಾದು ನಿಂತಿದ್ದ ನಮ್ಮ ಹೆಂಗಸರ ಮೊರಗಳು, ದಿಣ್ಣೆಯ ದಾರಿ ಎಲ್ಲವನ್ನೂ ದಾಟಿ ಕೆಳಕ್ಕೆ ಹೋಯಿತು. ಮಾರಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು ಅದು ಹೋಗುವ ದಾರಿಯನ್ನೇ ಕೊನೆಯವರೆಗೂ ನೋಡಿದ. ಆಮೇಲೆ ನಿಯಮದಂತೆ ಗಂಟೆ ಹೊಡೆದ. ನನ್ನ ಸರದಿ ಮುಗಿಯಿತು.

"ನಾಲ್ಕು ಸಾಲು!" ಎಂದರು ಕೋದಂಡಯ್ಯ, ಕೊನೆಗೂ ಉಗಿದು. "ನಾಳೆಯಿಂದ ನಮ್ಮ ಮನೆ ಸರದಿ. ಗೋಡೆ ಮೊದಲಿನಂತೆ ಏಳೋವರೆಗೆ ಮೂರು ದಿನ ನಾವೇನು ಆಡೋಣ?"

"ಹುಣಸೆಬೀಜ ಕಳಿಸಿಕೊಡ್ತೀನಿ, ನಮ್ಮ ಮನೇಲಿ ಬೇಕಾದಷ್ಟಿವೆ," ಎಂದು ಹೇಳಿ ನಾನು ಓಡಿದೆ. ಚಪ್ಪಲಿ ಅಲ್ಲೇ ಉಳಿಯಿತು.

ದಿಣ್ಣೆಯ ದಾರಿಯ ಮಣ್ಣು ಬರಿಗಾಲಿಗೆ ಬೆಚ್ಚಗಿತ್ತು. ನಮ್ಮ ಕೇರಿಯ ಬಾಗಿಲುಗಳಲ್ಲಿ ಜನ ಕಣ್ಣು ಕಿರಿದು ಮಾಡಿಕೊಂಡು ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ನೆರೆಯವರ ಮುಖದಲ್ಲಿ ಇಷ್ಟೊಂದು ಗೆರೆಗಳಿದ್ದವೇ ಎನ್ನುವಂತೆ. ಗೋಡೆಯ ಮೇಲಿಂದ ಒಂದು ಕಾಗೆ ಇಳಿದು ಬಂದು ನಮ್ಮ ಮನೆಯ ಸೂರಿನ ಮೇಲೆ ಕೂತಿತ್ತು. ನಮ್ಮ ಕೇರಿಯಲ್ಲಿ ಒಣಗಲು ಇಟ್ಟದ್ದೇನೂ ಇರುತ್ತಿರಲಿಲ್ಲವಾದ್ದರಿಂದ ಕಾಗೆಗಳು ಇತ್ತ ಬರುತ್ತಲೇ ಇರಲಿಲ್ಲ.

ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಬಿಸಿಲು ಅವಳ ಪಾದದ ಮೇಲಿತ್ತು. ಹೆಸರುಕಾಳಿನ ಮೊಳಕೆಯಂಥ ಆ ಬೆರಳುಗಳನ್ನು ಅವಳು ಒಂದೊಂದಾಗಿ ಅಲುಗಿಸಿ ನೋಡುತ್ತಿದ್ದಳು, ಬೇರೆ ಯಾರದೋ ಕಾಲಿನ ಬೆರಳುಗಳೆಂಬಂತೆ.

"ಒನಕೆ ಬಂತಾ?" ಎಂದಳು.

"ಬಂತಜ್ಜಿ."

"ತಳದವರೆಗೂ ಇಳೀತಾ?"

"ಇಳೀತು. ಯಾರೂ ಕೈ ಹಾಕಲಿಲ್ಲ."

ಅವಳು ಹಿಟ್ಟಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸೌಟಿನಿಂದ ಕೆನೆಗಟ್ಟಿದ ಮೇಲ್ಪದರ ಒಡೆದಳು. "ಹಂಗೇ ನಿಂತು ನನ್ನ ಮುಖ ಏನು ನೋಡ್ತೀಯೇ? ಆ ಕಾಗೆ ಓಡ್ಸು," ಎಂದಳು. ನಾನು ಕೈ ಬೀಸಿದೆ. ಅಜ್ಜಿ ಬಾಗಿ ಪಂಚೆಯ ಮೇಲೆ, ಬಿಸಿಲು ನಿಚ್ಚಳವಾಗಿ ಬಿದ್ದ ಜಾಗದಲ್ಲಿ, ಮೊದಲನೆಯ ಸಂಡಿಗೆ ಇಟ್ಟಳು.